ಆಕಾಶದ ಕಣ್ಣು, ಒಂಬತ್ತು ಇಂಚಿನ ಗೋಡೆ

1988ರ ಏಪ್ರಿಲ್ ತಿಂಗಳು. ರಮಝಾನಿನ ಚಂದ್ರ ಕಾಣುವ ಸಂಜೆ. ಮೈಸೂರಿನ ಮಂಡಿ ಮೊಹಲ್ಲಾದ ನಮ್ಮ ಮನೆಯ ತಾರಸಿಯ ಮೇಲೆ ಹೆಂಗಸರು, ಮಕ್ಕಳು ಎಲ್ಲರೂ ಪಡುವಣ ದಿಕ್ಕಿಗೆ ಮುಖ ಮಾಡಿ ನಿಂತಿದ್ದೆವು. ನನಗಾಗ ಎಂಟು ವರ್ಷ. ಚಂದ್ರನಿಗಿಂತ ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಒಂದು ನಡೆಯುವ ನಕ್ಷತ್ರ. ಅದು ಮಿನುಗದೆ, ಸದ್ದಿಲ್ಲದೆ, ಯಾರದೋ ಮನೆಗೆ ಹೊರಟವರಂತೆ ನೇರವಾಗಿ ಹೋಗುತ್ತಿತ್ತು.

ಅಬ್ಬಾ ಮೆಟ್ಟಿಲ ಮೇಲೆ ಕುಳಿತಿದ್ದರು. "ಅದು ಉಪಗ್ರಹ ಇರಬೇಕು. ಹೋದ ತಿಂಗಳು ನಮ್ಮ ದೇಶದವರೂ ಒಂದನ್ನು ಹಾರಿಸಿದ್ದಾರೆ. ಮೇಲಿನಿಂದ ನೆಲದ ಫೋಟೋ ತೆಗೆಯುತ್ತದಂತೆ" ಎಂದರು. ಅವರು ದಿನವೂ ಅಂಗಡಿಯಲ್ಲಿ ಉರ್ದು ಪತ್ರಿಕೆ ಓದಿ, ರಾತ್ರಿ ಮನೆಗೆ ಬಂದು ನಮಗೆಲ್ಲ ಅದರ ಸಾರಾಂಶ ಹೇಳುತ್ತಿದ್ದರು.

ದಾದಿಮಾ ತಸ್ಬೀಹ್ ಹಿಡಿದಿದ್ದ ಕೈಯನ್ನು ನಿಲ್ಲಿಸಿದರು. "ನಮ್ಮ ತಾರಸಿಯ ಫೋಟೋ ಕೂಡ ತೆಗೆಯುತ್ತದಾ?"

ಅಬ್ಬಾ ನಕ್ಕರು. ಉತ್ತರ ಅವರಿಗೂ ಗೊತ್ತಿರಲಿಲ್ಲ. ದಾದಿಮಾ ನಗಲಿಲ್ಲ. ಮಾರನೆಯ ದಿನದಿಂದ ತಾರಸಿಗೆ ಹೋಗುವ ಹೆಂಗಸರೆಲ್ಲ ತಲೆ ತುಂಬ ದುಪಟ್ಟಾ ಹೊದ್ದುಕೊಂಡೇ ಹೋಗಬೇಕೆಂದು ಅಪ್ಪಣೆಯಾಯಿತು. ಅಮ್ಮಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಿದ್ದು ನನಗೆ ನೆನಪಿದೆ. ಆ ಅಪ್ಪಣೆ ನಾಲ್ಕು ದಿನವೂ ನಡೆಯಲಿಲ್ಲ. ಆದರೆ ಅಜ್ಜಿಯ ಪ್ರಶ್ನೆ ಮಾತ್ರ ನನ್ನೊಳಗೆ ಉಳಿದುಬಿಟ್ಟಿತು.

ನಮ್ಮ ಮೊಹಲ್ಲಾದ ಹೆಂಗಸರಿಗೆ ತಾರಸಿ ಎಂದರೇನು ಎಂಬುದನ್ನು ತಿಳಿಯದವರಿಗೆ ಈ ಪ್ರಶ್ನೆಯ ತೂಕ ಗೊತ್ತಾಗುವುದಿಲ್ಲ. ಗಲ್ಲಿ ಗಂಡಸರದು, ಅಂಗಡಿ ಗಂಡಸರದು, ಹಜಾರ ಬಂದುಹೋಗುವವರದು. ಹೆಂಗಸರ ಪಾಲಿಗೆ ಉಳಿಯುವ ಆಕಾಶವೆಂದರೆ ತಾರಸಿ ಒಂದೇ. ಅಲ್ಲಿ ಮೆಣಸಿನಕಾಯಿ ಒಣಗುತ್ತದೆ, ಸಂಡಿಗೆ ಒಣಗುತ್ತದೆ, ತಲೆಗೂದಲು ಒಣಗುತ್ತದೆ, ಒಮ್ಮೊಮ್ಮೆ ಕಣ್ಣೀರೂ ಒಣಗುತ್ತದೆ. ನಮ್ಮ ತಾರಸಿಗೂ ಪಕ್ಕದ ಚಾಚಾರ ತಾರಸಿಗೂ ನಡುವೆ ಮೂಡಣ ಬದಿಗೆ ಆಳೆತ್ತರದ ಒಂದು ಗೋಡೆ ಇತ್ತು. ಎಲ್ಲರೂ ಅದನ್ನು ಪರದೆ ಗೋಡೆ ಎನ್ನುತ್ತಿದ್ದರು. ಚಾಚಾ ಎಂದರೆ ಅಬ್ಬಾನ ಚಿಕ್ಕಪ್ಪನ ಮಗ. ಗೋಡೆಯ ಮೇಲಿನಿಂದ ಸೇಂಟ್ ಫಿಲೋಮಿನಾ ಚರ್ಚಿನ ಎರಡು ಶಿಖರಗಳು ಮಾತ್ರ ಕಾಣುತ್ತಿದ್ದವು. ಗೋಡೆಯ ನಡುವೆ ಒಂದು ಕಿಂಡಿ. ಇಫ್ತಾರಿನ ಹೊತ್ತಿಗೆ ಆ ಕಿಂಡಿಯಿಂದ ತಟ್ಟೆಗಳು ಅತ್ತಿತ್ತ ಓಡಾಡುತ್ತಿದ್ದವು. ಗೋಡೆ ಎಲ್ಲ ಕಣ್ಣುಗಳನ್ನೂ ತಡೆಯುತ್ತಿತ್ತು. ಮೇಲಿನಿಂದ ನೋಡುವ ಕಣ್ಣಿಗೆ ಮಾತ್ರ ನಮ್ಮಲ್ಲಿ ಗೋಡೆ ಇರಲಿಲ್ಲ.

* * *

ಅಜ್ಜಿಗೆ ಅಂದು ಸಿಗದ ಉತ್ತರವನ್ನು ನಾನು ದೊಡ್ಡವಳಾದ ಮೇಲೆ ಲೆಕ್ಕ ಹಾಕಿ ಕಂಡುಕೊಂಡೆ. ನಮ್ಮ ಮನೆ ಹನ್ನೆರಡು ಅಡಿ ಅಗಲ, ಮೂವತ್ತು ಅಡಿ ಉದ್ದ. ಅಂದರೆ 360 ಚದರಡಿ, ಸುಮಾರು 33 ಚದರ ಮೀಟರು. ಇದೇ ನನ್ನ ಅಳತೆಗೋಲು.

ಉಪಗ್ರಹದ ಚಿತ್ರವೆಂದರೆ ಚುಕ್ಕಿಗಳ ರಂಗೋಲಿ. ಒಂದು ಚುಕ್ಕಿ ನೆಲದ ಮೇಲೆ ಎಷ್ಟು ಜಾಗವನ್ನು ಮುಚ್ಚುತ್ತದೆ ಎಂಬುದರ ಮೇಲೆ ಆ ಕಣ್ಣಿನ ತೀಕ್ಷ್ಣತೆ ನಿಂತಿದೆ. 1975ರ ಏಪ್ರಿಲ್ 19ರಂದು ಸೋವಿಯತ್ ನೆಲದಿಂದ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟಕ್ಕೆ ಭೂಮಿಯನ್ನು ನೋಡುವ ಕಣ್ಣೇ ಇರಲಿಲ್ಲ. ಅದನ್ನು ಕಟ್ಟಿದ್ದು ಬೆಂಗಳೂರಿನ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ. ಕಟ್ಟಿಸಿದ ತಂಡದ ಮುಖ್ಯಸ್ಥರು ಉಡುಪಿ ಸೀಮೆಯ ಅದಮಾರಿನಲ್ಲಿ ಹುಟ್ಟಿದ ಯು.ಆರ್. ರಾವ್. 1979ರಲ್ಲಿ ಭಾಸ್ಕರ-1 ಹೋಯಿತು. ಅದರ ಟಿವಿ ಕ್ಯಾಮೆರಾದ ಒಂದು ಚುಕ್ಕಿ ಒಂದು ಕಿಲೋಮೀಟರು. ಅಂದರೆ ಚರ್ಚು, ಮಸೀದಿ, ಮಂಡಿ, ನಾವು, ನಮ್ಮ ಜಗಳ ಎಲ್ಲ ಒಂದೇ ಚುಕ್ಕಿಯೊಳಗೆ.

ಅಬ್ಬಾ ಹೇಳಿದ ಉಪಗ್ರಹ ಐಆರ್‌ಎಸ್-1ಎ. 1988ರ ಮಾರ್ಚ್ 17ರಂದು ಬೈಕನೂರಿನಿಂದ ಹಾರಿದ್ದು. ಅದರಲ್ಲಿದ್ದ ಒಂದು ಬಗೆಯ ಕ್ಯಾಮೆರಾದ ಚುಕ್ಕಿ 72.5 ಮೀಟರು, ಇನ್ನೊಂದು ಬಗೆಯದು 36.25 ಮೀಟರು. ಹೆಚ್ಚು ತೀಕ್ಷ್ಣವಾದದ್ದನ್ನೇ ಹಿಡಿದರೂ ನಮ್ಮಂಥ 39 ಮನೆಗಳು ಸೇರಿದರೆ ಒಂದು ಚುಕ್ಕಿ. ಆ ಕಣ್ಣು ಬೆಳೆ ನೋಡುತ್ತಿತ್ತು, ಕಾಡು ನೋಡುತ್ತಿತ್ತು, ಕೆರೆಯ ನೀರು ನೋಡುತ್ತಿತ್ತು. ಒಮ್ಮೆ ನೋಡಿದ ಜಾಗಕ್ಕೆ ಮತ್ತೆ ಬರುತ್ತಿದ್ದದ್ದು 22 ದಿನಗಳ ನಂತರ. ದಾದಿಮಾ ನಿಶ್ಚಿಂತೆಯಿಂದ ತಲೆ ಒಣಗಿಸಿಕೊಳ್ಳಬಹುದಿತ್ತು.

1995ರ ಡಿಸೆಂಬರ್ 28ರಂದು ಐಆರ್‌ಎಸ್-1ಸಿ ಹೋಯಿತು. ಅದರ ಕಪ್ಪು-ಬಿಳುಪು ಕ್ಯಾಮೆರಾದ ಚುಕ್ಕಿ 5.8 ಮೀಟರು. ಆ ಕಾಲಕ್ಕೆ ಜಗತ್ತಿನ ನಾಗರಿಕ ಉಪಗ್ರಹಗಳಲ್ಲೇ ಅದಕ್ಕಿಂತ ತೀಕ್ಷ್ಣ ಕಣ್ಣು ಬೇರೆ ಇರಲಿಲ್ಲ. 5.8ನ್ನು 5.8ರಿಂದ ಗುಣಿಸಿದರೆ 33 ಚದರ ಮೀಟರು ಮತ್ತು ಚಿಲ್ಲರೆ. ಲೆಕ್ಕ ಹಾಕುತ್ತಿದ್ದಾಗ ಪೆನ್ನು ಅಲ್ಲೇ ನಿಂತಿತು. ನಮ್ಮ ಮನೆ ಸರಿಯಾಗಿ ಒಂದು ಚುಕ್ಕಿ! ಇಪ್ಪತ್ತು ವರ್ಷಗಳಲ್ಲಿ ಈ ದೇಶದ ಕಣ್ಣು ನಮ್ಮ ಮನೆಯನ್ನು ಒಂದು ಮನೆಯಾಗಿ ಎಣಿಸುವ ಮಟ್ಟಕ್ಕೆ ಬಂದಿತ್ತು. ಅದನ್ನು ನೋಡಲು ದಾದಿಮಾ ಇರಲಿಲ್ಲ. 1994ರಲ್ಲೇ ಅವರು ತೀರಿಕೊಂಡಿದ್ದರು.

* * *

ದಾದಿಮಾ ಹೋದ ಮೂರು ವರ್ಷಕ್ಕೆ ನಮ್ಮಲ್ಲಿ ಗೋಡೆಯ ಜಗಳ ಹುಟ್ಟಿತು. ಅಣ್ಣನ ಮದುವೆಗೆ ಮುಂಚೆ ತಾರಸಿಯ ಮೇಲೆ ಒಂದು ಕೋಣೆ ಕಟ್ಟಿಸಬೇಕೆಂದು ಅಬ್ಬಾ ಹೊರಟರು. ಕೋಣೆಯ ತೊಲೆ ಪರದೆ ಗೋಡೆಯ ಮೇಲೆ ಕೂರಬೇಕಿತ್ತು. ಚಾಚಾ ಬಂದು, "ಭಾಯೀಜಾನ್, ಈ ಗೋಡೆ ನಮ್ಮದಲ್ಲವೇ?" ಎಂದರು. ಅಬ್ಬಾ, "ನಿಮ್ಮದು ಹೇಗಾಗುತ್ತದೆ ಮಿಯಾ?" ಎಂದರು. ಮೊದಲ ದಿನ ಇಬ್ಬರೂ ನಗುತ್ತಲೇ ಮಾತಾಡಿದರು. ಒಂದು ವಾರದಲ್ಲಿ ನಗು ಹೋಯಿತು. ತಿಂಗಳಲ್ಲಿ ಮಾತು ಹೋಯಿತು.

ಅಳತೆ ಮಾಡುವವನನ್ನು ಕರೆಸಿದರು. ಅವನು ನಮ್ಮ ಕಡೆಯಿಂದ ಟೇಪು ಹಿಡಿದಾಗ ಗೋಡೆ ನಮ್ಮದಾಯಿತು. ಅವರ ಕಡೆಯಿಂದ ಹಿಡಿದಾಗ ಅವರದಾಯಿತು. ಕ್ರಯಪತ್ರಗಳನ್ನು ತೆಗೆದು ಚೆಕ್ಕುಬಂದಿ ಓದಿಸಿದರು. ನಮ್ಮ ಪತ್ರದಲ್ಲಿ ಪೂರ್ವಕ್ಕೆ ಅವರ ಮನೆ, ಅವರ ಪತ್ರದಲ್ಲಿ ಪಶ್ಚಿಮಕ್ಕೆ ನಮ್ಮ ಮನೆ. ಎರಡು ಕಾಗದಗಳಲ್ಲೂ ಮನೆಗಳಿದ್ದವು, ಗೋಡೆ ಇರಲಿಲ್ಲ. ಒಂಬತ್ತು ಇಂಚಿನ ಇಟ್ಟಿಗೆ ಗೋಡೆ ಇಬ್ಬರ ಕಾಗದಕ್ಕೂ ಸೇರದೆ ನಡುವೆ ನಿಂತಿತ್ತು. ಕೋಣೆ ಏಳಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ಆ ಕಡೆಯಿಂದ ಯಾರೋ ಕಿಂಡಿಗೆ ಇಟ್ಟಿಗೆ ತುಂಬಿದ್ದರು. ಅದೇ ಮಧ್ಯಾಹ್ನ ಈ ಕಡೆಯಿಂದ ಅಬ್ಬಾ ಅದಕ್ಕೆ ಗಾರೆ ಮೆತ್ತಿಸಿದರು.

2009ರಲ್ಲಿ ಅಬ್ಬಾ ತೀರಿಕೊಂಡಾಗ ಚಾಚಾ ಬಂದು ಜನಾಝಾಕ್ಕೆ ಹೆಗಲು ಕೊಟ್ಟರು. ಮನೆಯಲ್ಲಿ ಒಂದು ಲೋಟ ನೀರು ಕುಡಿಯದೆ ಹೋದರು.

* * *

ಗೋಡೆ ಮತ್ತು ಅಳತೆಯ ವಿಷಯಕ್ಕೆ ಬಂದರೆ ಮೈಸೂರಿನವರಾದ ನಮಗೆ ಒಂದು ಹಳೆಯ ಕತೆ ಇದೆ. ನಮ್ಮ ಮೊಹಲ್ಲಾದಿಂದ ಶ್ರೀರಂಗಪಟ್ಟಣ ಹದಿನೈದು ಕಿಲೋಮೀಟರು. 1799ರ ಮೇ 4ರಂದು ಅಲ್ಲಿ ಟಿಪ್ಪು ಸುಲ್ತಾನ್ ಬಿದ್ದರು. ಅವರ ರಾಕೆಟ್ಟುಗಳ ಬಗ್ಗೆ ನಾವೆಲ್ಲ ಹೆಮ್ಮೆಯಿಂದ ಮಾತಾಡುತ್ತೇವೆ. 1963ರಲ್ಲಿ ಅಮೆರಿಕದ ವಾಲಪ್ಸ್ ರಾಕೆಟ್ ಕೇಂದ್ರಕ್ಕೆ ತರಬೇತಿಗೆ ಹೋದ ಅಬ್ದುಲ್ ಕಲಾಂ ಅಲ್ಲಿನ ಗೋಡೆಯ ಮೇಲೆ ಟಿಪ್ಪುವಿನ ರಾಕೆಟ್ ಪಡೆಯ ಚಿತ್ರ ಕಂಡು ಬೆರಗಾದದ್ದನ್ನು ತಮ್ಮ ಆತ್ಮಕತೆಯಲ್ಲಿ ಬರೆದಿದ್ದಾರೆ. ಆದರೆ ಗೆದ್ದವರು ಗೆದ್ದ ಮೇಲೆ ಮೊದಲು ಏನು ಮಾಡಿದರು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಅವರು ಅಳತೆಗೆ ನಿಂತರು. ಆ ಯುದ್ಧದಲ್ಲಿದ್ದ ಕಾಲಿನ್ ಮೆಕೆಂಝಿಗೆ ಅದೇ ವರ್ಷ ಮೈಸೂರು ಸೀಮೆಯ ಸರ್ವೆಯ ಹೊಣೆ ಸಿಕ್ಕಿತು. ಅದೇ ಯುದ್ಧದಲ್ಲಿ ಹೋರಾಡಿದ ವಿಲಿಯಂ ಲ್ಯಾಂಬ್ಟನ್ 1800ರಲ್ಲಿ ಬೆಂಗಳೂರಿನ ಬಳಿ ಅಳತೆಯ ಗೆರೆ ಹಿಡಿದ. 1802ರಲ್ಲಿ ಮದರಾಸಿನಿಂದ ಅವನು ಶುರು ಮಾಡಿದ ತ್ರಿಕೋನ ಸರ್ವೆ ಮುಂದೆ ಹಿಮಾಲಯದವರೆಗೆ ಹೋಯಿತು. ಕೋಟೆ ಗೆಲ್ಲಲು ಫಿರಂಗಿ ಸಾಕು, ಗೆದ್ದ ನಾಡನ್ನು ಆಳಲು ನಕ್ಷೆ ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಆದ್ದರಿಂದಲೇ ಒಂದು ದೇಶಕ್ಕೆ ತನ್ನದೇ ಕಣ್ಣು ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ನನಗೆ ಆಶ್ಚರ್ಯವಾಗುತ್ತದೆ. ದುಡ್ಡು ಕೊಟ್ಟರೆ ಚಿತ್ರ ಸಿಗುತ್ತದಲ್ಲ, ಇಷ್ಟು ಖರ್ಚು ಯಾಕೆ ಎನ್ನುವವರಿದ್ದಾರೆ. ಅವರಿಗೆ ಎರಡು ಸಂಗತಿ ಹೇಳಬೇಕು.

1999ರ ಸೆಪ್ಟೆಂಬರಿನಲ್ಲಿ ಅಮೆರಿಕದ ಖಾಸಗಿ ಉಪಗ್ರಹ ಇಕೋನೋಸ್ ಹಾರಿತು. ಒಂದು ಮೀಟರ್ ಚುಕ್ಕಿಯ ಚಿತ್ರವನ್ನು ಯಾರು ಬೇಕಾದರೂ ಕೊಳ್ಳಬಹುದು ಎಂದರು. 2001ರ ಅಕ್ಟೋಬರಿನಲ್ಲಿ ಅಫಘಾನಿಸ್ತಾನದ ಮೇಲೆ ಬಾಂಬು ಬೀಳತೊಡಗಿತು. ಆಗ ಅಮೆರಿಕದ ಸರ್ಕಾರ ಆ ನೆಲದ ಮೇಲೆ ಇಕೋನೋಸ್ ತೆಗೆಯುವ ಅಷ್ಟೂ ಚಿತ್ರಗಳ ಹಕ್ಕನ್ನು ತಾನೇ ಕೊಂಡುಬಿಟ್ಟಿತು. ಕಾನೂನಿನ ಬಲ ಬೇಕಾಗಲಿಲ್ಲ, ದುಡ್ಡು ಸಾಕಾಯಿತು. ಬಾಂಬು ಬಿದ್ದ ಊರು ಹೇಗಿದೆ ಎಂದು ಆ ಕಣ್ಣಿನಿಂದ ಬೇರೆ ಯಾರೂ ನೋಡುವಂತಿರಲಿಲ್ಲ. ಇನ್ನೊಂದು ಸಂಗತಿ. ಇಸ್ರೇಲ್ ಮತ್ತು ಪ್ಯಾಲೆಸ್ತೀನ್ ನೆಲದ ಚಿತ್ರಗಳನ್ನು ಸುಮಾರು ಎರಡು ಮೀಟರಿಗಿಂತ ತೀಕ್ಷ್ಣವಾಗಿ ಅಮೆರಿಕದ ಕಂಪನಿಗಳು ಮಾರಬಾರದೆಂಬ ನಿರ್ಬಂಧ 1997ರಿಂದ 2020ರವರೆಗೂ ಇತ್ತು. ಜಗತ್ತಿನ ಉಳಿದ ಊರುಗಳ ಮನೆಗಳು ಸ್ಪಷ್ಟವಾಗಿ ಕಾಣುತ್ತಿದ್ದ ಕಾಲದಲ್ಲಿ ಗಾಝಾದ ಮನೆಗಳು ಮಸುಕಾಗಿಯೇ ಇದ್ದವು. ಬಾಡಿಗೆಯ ಕಣ್ಣಿನ ರೆಪ್ಪೆ ಯಾವಾಗಲೂ ಮಾಲೀಕನ ಕೈಯಲ್ಲಿರುತ್ತದೆ.

1999ರ ಕಾರ್ಗಿಲ್ ಯುದ್ಧದಲ್ಲಿ ನಮ್ಮ ದೇಶದ ಬಳಿಯಿದ್ದ ತೀಕ್ಷ್ಣ ಕಣ್ಣೆಂದರೆ ಅದೇ 5.8 ಮೀಟರಿನದು. ಬೆಟ್ಟದ ತುದಿಯ ಬಂಕರನ್ನು ಅದು ಹೇಗೆ ತಾನೇ ತೋರಿಸೀತು? ಅಫಘಾನಿಸ್ತಾನದ ಚಿತ್ರಗಳು ಮುಚ್ಚಿಹೋದ ಅದೇ 2001ರ ಅಕ್ಟೋಬರ್ ತಿಂಗಳ 22ರಂದು ಶ್ರೀಹರಿಕೋಟಾದಿಂದ ಟಿಇಎಸ್ ಎಂಬ ನಮ್ಮ ಉಪಗ್ರಹ ಹಾರಿತು. ಅದರ ಚುಕ್ಕಿ ಒಂದು ಮೀಟರು. ನಮ್ಮ ಮನೆ ಒಂದು ಚುಕ್ಕಿಯಿಂದ 33 ಚುಕ್ಕಿಯಾಯಿತು.

ಆಮೇಲೆ ಕಾರ್ಟೋಸ್ಯಾಟ್ ಸರಣಿ ಶುರುವಾಯಿತು. 2005ರ ಮೇ 5ರಂದು ಹಾರಿದ ಮೊದಲನೆಯದಕ್ಕೆ ಎರಡು ಕ್ಯಾಮೆರಾ, ಒಂದು ಮುಂದಕ್ಕೆ ವಾಲಿದ್ದು, ಒಂದು ಹಿಂದಕ್ಕೆ. ಎರಡು ಕಣ್ಣಿದ್ದರೆ ಮಾತ್ರ ಎತ್ತರ ತಗ್ಗು ತಿಳಿಯುತ್ತದಲ್ಲವೇ? ಹಾಗೆ. 2007ರ ಜನವರಿಯಲ್ಲಿ ಹೋದ ಕಾರ್ಟೋಸ್ಯಾಟ್-2ರ ಚುಕ್ಕಿ ಒಂದು ಮೀಟರಿಗಿಂತ ಕಡಿಮೆ. 2016ರಿಂದ ಹೋದವು 65 ಸೆಂಟಿಮೀಟರಿನವು. 2019ರ ನವೆಂಬರ್ 27ರಂದು ಹೋದ ಕಾರ್ಟೋಸ್ಯಾಟ್-3ರ ಚುಕ್ಕಿ 25 ಸೆಂಟಿಮೀಟರು.

ಇದು ಸುಲಭದ ಕೆಲಸವಲ್ಲ. ಉಪಗ್ರಹ ನಿಂತು ಫೋಟೋ ತೆಗೆಯುವುದಿಲ್ಲ. ನಮ್ಮ ಮೊಹಲ್ಲಾದಿಂದ ಶ್ರೀರಂಗಪಟ್ಟಣ ತಲುಪಲು ಅದಕ್ಕೆ ಎರಡು ಸೆಕೆಂಡು ಸಾಕು. ಅಷ್ಟು ವೇಗದಲ್ಲಿ ಹೋಗುವಾಗ 25 ಸೆಂಟಿಮೀಟರಿನ ಒಂದು ಪಟ್ಟಿಯ ಮೇಲೆ ಕಣ್ಣು ನಿಲ್ಲುವುದು ಒಂದು ಸೆಕೆಂಡನ್ನು ಇಪ್ಪತ್ತೈದು ಸಾವಿರಕ್ಕೂ ಹೆಚ್ಚು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಅಷ್ಟರಲ್ಲಿ ಸಾಕಷ್ಟು ಬೆಳಕು ಒಳಗೆ ಬರಬೇಕು. ಅದಕ್ಕೆ 1.2 ಮೀಟರ್ ಅಗಲದ ಕನ್ನಡಿ ಬೇಕು. ರೈಲಿನಲ್ಲಿ ಕುಳಿತವರು ಕಿಟಕಿಯಿಂದ ಒಂದು ಮರವನ್ನೇ ನೋಡುತ್ತ ಕತ್ತು ಹಿಂದಕ್ಕೆ ತಿರುಗಿಸುವ ಹಾಗೆ ಇಡೀ ಉಪಗ್ರಹ ಹಿಂದಕ್ಕೆ ವಾಲುತ್ತ ನೋಡಬೇಕು. ಅಲುಗಾಡಿದರೆ ಚಿತ್ರ ಕೆಟ್ಟಿತು.

ಬೇರೆಯವರಿಂದ ಕಲಿತು ತಮ್ಮದನ್ನು ಕಟ್ಟಿಕೊಂಡವರು ನಾವಷ್ಟೇ ಅಲ್ಲ. ನಮ್ಮ ಮೊಹಲ್ಲಾದ ಎಷ್ಟೋ ಹುಡುಗರು ದುಡಿಯಲು ಹೋಗುವ ದುಬೈಯಲ್ಲಿ ಅಲ್ಲಿನ ಇಂಜಿನಿಯರುಗಳು ಮೊದಲು ದಕ್ಷಿಣ ಕೊರಿಯಾದವರ ಜೊತೆ ಸೇರಿ ಉಪಗ್ರಹ ಕಟ್ಟುವುದನ್ನು ಕಲಿತರು. ಆಮೇಲೆ ತಾವೇ ಖಲೀಫಾಸ್ಯಾಟ್ ಕಟ್ಟಿ 2018ರ ಅಕ್ಟೋಬರ್ 29ರಂದು ಜಪಾನಿನಿಂದ ಹಾರಿಸಿದರು. ಸೋಲೂ ಈ ದಾರಿಯಲ್ಲಿದೆ. 2025ರ ಮೇ 18ರಂದು ನಮ್ಮ ಇಒಎಸ್-09 ಕಕ್ಷೆ ಸೇರದೆ ಕಳೆದುಹೋಯಿತು. ಕಲಿಯುವವರು ಬೀಳುತ್ತಾರೆ, ಏಳುತ್ತಾರೆ.

* * *

ಕಾರ್ಟೋಸ್ಯಾಟ್-3 ಹಾರಿದ ದಿನ ನನ್ನ ಮಗಳು ಟಿವಿಯ ಮುಂದೆ ಕುಳಿತಿದ್ದಳು. ಅವಳು ಆಗ ಪಿಯುಸಿ ವಿಜ್ಞಾನ ಓದುತ್ತಿದ್ದಳು. ನಾನು ದಾದಿಮಾರ ಕತೆ ಹೇಳಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಲೆಕ್ಕ ಹಾಕಿ ಹೇಳಿದಳು: "ಅಮ್ಮೀ, ನೀವು ಸಂಜೆ ಕಂಡ ನಕ್ಷತ್ರ ಅಬ್ಬಾಜಾನ್ ಹೇಳಿದ ಉಪಗ್ರಹ ಆಗಿರಲಿಕ್ಕಿಲ್ಲ. ಇಂಥ ಉಪಗ್ರಹ ನಮ್ಮ ಮೇಲೆ ಬರೋದು ಬೆಳಿಗ್ಗೆ ಹತ್ತೂವರೆ ಸುಮಾರಿಗೆ. ಆಗ ಬೆಳಕೂ ಚೆನ್ನಾಗಿರುತ್ತೆ, ನೆರಳೂ ಇರುತ್ತೆ. ನೆರಳಿದ್ದರೆ ಎತ್ತರ ಗೊತ್ತಾಗುತ್ತೆ."

ಬೆಳಿಗ್ಗೆ ಹತ್ತೂವರೆ! ಗಂಡಸರು ಅಂಗಡಿಗೆ ಹೋಗಿ, ಹೆಂಗಸರು ಮೆಣಸಿನಕಾಯಿ ಹರವಲು ತಾರಸಿಗೆ ಹತ್ತುವ ಹೊತ್ತು. ದಾದಿಮಾರ ಅನುಮಾನ ಸುಳ್ಳೇನೂ ಅಲ್ಲ ಅನ್ನಿಸಿತು. ಈಗ ನಮ್ಮ ಮನೆ ಐನೂರಕ್ಕೂ ಹೆಚ್ಚು ಚುಕ್ಕಿ. ಮೆಣಸಿನಕಾಯಿಯ ಚಾಪೆ ಇಪ್ಪತ್ತೇಳು ಚುಕ್ಕಿ. ದುಪಟ್ಟಾ ಹೊದ್ದ ಒಂದು ತಲೆ ಒಂದೇ ಚುಕ್ಕಿ. ಆ ಚುಕ್ಕಿಗೆ ಮುಖವಿಲ್ಲ. ಅಜ್ಜಿಯ ಪ್ರಶ್ನೆಗೆ ಉತ್ತರ ಇದು: ತಾರಸಿಯ ಫೋಟೋ ತೆಗೆಯುತ್ತದೆ ದಾದಿಮಾ, ಆದರೆ ನಿಮ್ಮನ್ನು ಗುರುತಿಸುವುದಿಲ್ಲ.

ಆದರೂ ಆ ಪ್ರಶ್ನೆ ಮೂರ್ಖತನದ್ದಲ್ಲ. ದೇಶದ ಕಣ್ಣು ದೇಶದ ಹೊರಗಿನ ಶತ್ರುವನ್ನು ಮಾತ್ರ ನೋಡುವುದಿಲ್ಲ, ನಮ್ಮನ್ನೂ ನೋಡುತ್ತದೆ. ಹಾಗಾದರೆ ಆ ಕಣ್ಣು ಕಂಡದ್ದನ್ನು ನಮಗೂ ತೋರಿಸಬೇಕಲ್ಲವೇ? 2001ರ ಸರ್ಕಾರಿ ನೀತಿಯಂತೆ 5.8 ಮೀಟರಿನವರೆಗಿನ ಚಿತ್ರ ಎಲ್ಲರಿಗೂ ಮುಕ್ತವಾಗಿ ದೊರೆಯುತ್ತಿತ್ತು. 2011ರಲ್ಲಿ ಆ ಮಿತಿ ಒಂದು ಮೀಟರಿಗೆ ಇಳಿಯಿತು. 2021ರಲ್ಲಿ ನಕ್ಷೆ ಮಾಡುವವರಿಗಿದ್ದ ಅನುಮತಿಯ ಕಟ್ಟುಗಳು ಸಡಿಲವಾದವು. ಒಳ್ಳೆಯದೇ. ಕಣ್ಣು ನಮ್ಮದು ಎನ್ನುವುದಕ್ಕೆ ಅರ್ಥ ಬರುವುದು ಕಂಡದ್ದರಲ್ಲಿ ನಮಗೂ ಪಾಲು ಸಿಕ್ಕಾಗ.

2024ರ ಜುಲೈ 30ರ ನಸುಕಿನಲ್ಲಿ ನಮ್ಮ ನೆರೆಯ ವಯನಾಡಿನಲ್ಲಿ ಬೆಟ್ಟ ಜಾರಿ ಊರುಗಳು ಕೊಚ್ಚಿಹೋದಾಗ, ಆ ಪಾಲು ಎಷ್ಟು ದೊಡ್ಡದು ಎಂಬುದು ಕಂಡಿತು. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ ಕಾರ್ಟೋಸ್ಯಾಟ್-3 ಹಿಂದೆ ತೆಗೆದಿದ್ದ ಚಿತ್ರವನ್ನೂ ದುರಂತದ ನಂತರದ ಚಿತ್ರಗಳನ್ನೂ ಅಕ್ಕಪಕ್ಕ ಇಟ್ಟಿತು. ಸುಮಾರು 86,000 ಚದರ ಮೀಟರ್ ನೆಲ ಜಾರಿದ್ದು, ಕೆಸರು ಎಂಟು ಕಿಲೋಮೀಟರ್ ಹರಿದದ್ದು ಅದರಲ್ಲಿ ಕಂಡಿತು. ಮೋಡವನ್ನು ಭೇದಿಸಿ ನೋಡಲು ರಡಾರ್ ಉಪಗ್ರಹದ ನೆರವೂ ಬೇಕಾಯಿತು. ಎಲ್ಲಿ ಮನೆಗಳಿದ್ದವು ಎಂಬುದನ್ನು ಚಿತ್ರ ಹೇಳಿತು. ಆ ಮನೆಗಳಲ್ಲಿ ಯಾರು ಮಲಗಿದ್ದರು ಎಂಬುದನ್ನು ಬದುಕಿ ಉಳಿದ ನೆರೆಯವರೇ ಹೇಳಬೇಕಾಯಿತು.

ದೂರಸಂವೇದಿಯವರ ಭಾಷೆಯಲ್ಲಿ ಇದಕ್ಕೊಂದು ಮಾತಿದೆ: ಗ್ರೌಂಡ್ ಟ್ರೂತ್, ನೆಲದ ಸತ್ಯ. ಮೇಲಿನಿಂದ ಕಂಡ ಹಸಿರು ಭತ್ತವೋ ರಾಗಿಯೋ ಎಂದು ತೀರ್ಮಾನಿಸುವ ಮುನ್ನ ಒಬ್ಬರು ಆ ಹೊಲಕ್ಕೆ ನಡೆದುಹೋಗಿ ನೋಡಬೇಕು. ರೈತನನ್ನು ಕೇಳಬೇಕು. ಕೋಟಿಗಟ್ಟಲೆಯ ಉಪಗ್ರಹವೂ ಕೊನೆಗೆ ಹೊಲದ ಬದುವಿನ ಮೇಲೆ ನಿಂತವನ ಸಾಕ್ಷಿಯನ್ನು ಕೇಳುತ್ತದೆ. ವಿಜ್ಞಾನದ ಈ ವಿನಯ ನನಗೆ ತುಂಬ ಇಷ್ಟವಾಯಿತು.

* * *

2020ರ ಚಳಿಗಾಲದಲ್ಲಿ ಅಣ್ಣ ಮತ್ತೆ ತಾರಸಿಯ ಕೋಣೆಯ ಮಾತೆತ್ತಿದ. ಮಗಳು ಉತ್ಸಾಹದಿಂದ ಇಸ್ರೋದ 'ಭುವನ್' ತೆರೆದು ನಮ್ಮ ಗಲ್ಲಿಯನ್ನು ಹುಡುಕಿದಳು. ಚರ್ಚು ಸಿಕ್ಕಿತು, ರಸ್ತೆ ಸಿಕ್ಕಿತು, ನಮ್ಮ ತಾರಸಿಯೂ ಸಿಕ್ಕಿತು. ಗೋಡೆ ಕಾಣಲಿಲ್ಲ. ಅದರ ನೆರಳು ಒಂದು ಕಪ್ಪು ಗೆರೆಯಾಗಿ ನಮ್ಮ ತಾರಸಿಯ ಮೇಲೆ ಬಿದ್ದಿತ್ತು. "ಗೋಡೆ ಯಾರದೋ ಗೊತ್ತಿಲ್ಲ ಅಮ್ಮೀ, ನೆರಳು ಮಾತ್ರ ನಮ್ಮದೇ" ಎಂದಳು. ಕಾರ್ಟೋಸ್ಯಾಟ್-3ರ ಚಿತ್ರ ಸಿಕ್ಕಿದ್ದರೂ ಅಷ್ಟೇ. ಒಂಬತ್ತು ಇಂಚು ಎಂದರೆ 23 ಸೆಂಟಿಮೀಟರು. ದೇಶದ ಅತ್ಯಂತ ತೀಕ್ಷ್ಣ ಕಣ್ಣಿನ ಒಂದು ಚುಕ್ಕಿಯೊಳಗೆ ನಮ್ಮ ಇಪ್ಪತ್ತಮೂರು ವರ್ಷದ ಜಗಳ ಅಡಗಿ ಕುಳಿತಿತ್ತು.

ಆಗ ನನಗೆ ಹೊಳೆಯಿತು. ನಾವು ಟೇಪನ್ನು ಕೇಳಿದೆವು, ಕಾಗದವನ್ನು ಕೇಳಿದೆವು, ಈಗ ಆಕಾಶವನ್ನೂ ಕೇಳಿದೆವು. ಆ ಗೋಡೆಯ ಎರಡೂ ಬದಿಗೆ ಬದುಕಿದ ಹೆಂಗಸರನ್ನು ಕೇಳಿರಲಿಲ್ಲ. ಗೋಡೆ ಎದ್ದದ್ದು 1983ರಲ್ಲಿ. ಅಮ್ಮಿ ಆಗ ತಮ್ಮನ ಹೆರಿಗೆಗೆ ತವರಿಗೆ ಹೋಗಿದ್ದರು. ಉಳಿದವರು ಚಾಚಿ ಒಬ್ಬರೇ.

ಮಾರನೆಯ ದಿನ ಗಂಡಸರಿಲ್ಲದ ಹೊತ್ತು ನೋಡಿ ಅವರ ಮನೆಗೆ ಹೋದೆ. ಚಾಚಿ ನನ್ನನ್ನು ನೋಡಿ ಒಂದು ಗಳಿಗೆ ಮಾತಾಡಲಿಲ್ಲ. ಆಮೇಲೆ ಕೈ ಹಿಡಿದು ಕೂರಿಸಿಕೊಂಡರು. ಗೋಡೆಯ ವಿಷಯ ಕೇಳಿದೆ.

"ನಾನು ಆಗ ಹೊಸ ಸೊಸೆ" ಎಂದರು ಚಾಚಿ. "ಮೇಸ್ತ್ರಿಗೆ ಚಹಾ ಮಾಡಿಕೊಟ್ಟವಳು ನಾನೇ. ನಿನ್ನ ದಾದಿಮಾ, ನನ್ನ ಅತ್ತೆ, ಇಬ್ಬರು ಓರಗಿತ್ತಿಯರೂ ಗಂಡಸರಿಗೆ ಹೇಳದೆ ಕೂಡಿಟ್ಟಿದ್ದ ದುಡ್ಡನ್ನು ಸಮಸಮ ಹಾಕಿ ಇಟ್ಟಿಗೆ ತರಿಸಿದರು. ಗೋಡೆ ಯಾರ ಕಡೆಗೆ ಕಟ್ಟಲಿ ಅಂತ ಮೇಸ್ತ್ರಿ ಕೇಳಿದ. ನಿನ್ನ ದಾದಿಮಾ, ನಡುವೆ ಕಟ್ಟಪ್ಪ, ಒಂದು ಕಿಂಡಿ ಬಿಡು ಅಂದರು."

"ಇದನ್ನು ಅವತ್ತೇ ಯಾಕೆ ಹೇಳಲಿಲ್ಲ ಚಾಚೀ?"

"ಗಂಡಸರು ಜಗಳ ಆಡುತ್ತಿದ್ದರು ಬೇಟಾ. ನನ್ನನ್ನು ಕೇಳಿದವರು ಯಾರು?"

ನನ್ನಲ್ಲಿ ಉತ್ತರವಿರಲಿಲ್ಲ. ಕತೆಗಳಲ್ಲಿ ಹೆಂಗಸರ ಬಾಯಿಗೆ ಮಾತು ಕೊಡುತ್ತೇನೆಂದು ಬೀಗುತ್ತಿದ್ದ ನಾನೂ ಇಪ್ಪತ್ತಮೂರು ವರ್ಷ ಅವರನ್ನು ಕೇಳಿರಲಿಲ್ಲ.

ಆ ಸಂಜೆ ಚಾಚಿ ಅದನ್ನೇ ಚಾಚಾರ ಎದುರಿಗೆ ಹೇಳಿದರಂತೆ. ಚಾಚಾ ಬಹಳ ಹೊತ್ತು ಸುಮ್ಮನೆ ಕುಳಿತಿದ್ದರಂತೆ. ವಾರದ ಮೇಲೆ ತಾವೇ ಬಂದು, ಅಣ್ಣನ ತೊಲೆ ಗೋಡೆಯ ಮೇಲೆ ಎಲ್ಲಿಯವರೆಗೆ ಕೂರಬೇಕೆಂದು ಸೀಮೆಸುಣ್ಣದಲ್ಲಿ ಗೆರೆ ಎಳೆದುಕೊಟ್ಟರು. ನಾಲ್ಕೂವರೆ ಇಂಚಿಗೆ. ಯಾವ ಉಪಗ್ರಹವೂ ಕಾಣಲಾರದ ಗೆರೆ ಅದು. ಹೋಗುವಾಗ ಅಮ್ಮಿ ಕೊಟ್ಟ ಚಹಾ ಕುಡಿದರು. "ಭಾಯೀಜಾನ್ ಇದ್ದಿದ್ದರೆ..." ಎಂದು ಶುರು ಮಾಡಿ ಮಾತು ಮುಗಿಸಲಿಲ್ಲ.

ಕಿಂಡಿಯ ಇಟ್ಟಿಗೆ ತೆಗೆಸಿದ್ದು ಮುಂದಿನ ರಮಝಾನಿಗೆ. ಮೊದಲ ಇಫ್ತಾರಿನ ದಿನ ಆ ಕಡೆಯಿಂದ ಒಂದು ತಟ್ಟೆ ಬಂತು. ತಟ್ಟೆ ಹಿಡಿದ ಕೈ ಮಾತ್ರ ಕಂಡಿತು, ಮುಖ ಕಾಣಲಿಲ್ಲ. ಯಾರ ಕೈ ಎಂದು ನಾವ್ಯಾರೂ ಕೇಳಬೇಕಾಗಲಿಲ್ಲ.